ಸದಸ್ಯತ್ವದ ಬೆಲೆ

ಮೂವತ್ತನಾಲ್ಕು ವರ್ಷಕಾಲ ಮಾನ್ವಿಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ನಾನು. ಲಾಭ-ನಷ್ಟದ ಲೆಕ್ಕಗಳನ್ನು ಎಷ್ಟು ಸಾವಿರ ಸಲ ಕರಿಹಲಗೆಯ ಮೇಲೆ ಬರೆದು ಅಳಿಸಿದ್ದೇನೆಯೋ ಹೇಳಲಾರೆ. ಹೀಗಿದ್ದೂ, ನಿವೃತ್ತನಾಗಿ ರಾಯಚೂರಿಗೆ ಬಂದು ನೆಲಸಿದ ಮೇಲೆ, ಹೋದ ಯುಗಾದಿಯ ಹೊತ್ತಿಗೆ ನನ್ನ ಸೊಸೆ ಕೇಳಿದ ಒಂದು ಸಾದಾ ಪ್ರಶ್ನೆಗೆ ಕೂಡಲೆ ಉತ್ತರ ಕೊಡುವುದು ನನ್ನಿಂದ ಆಗಲಿಲ್ಲ. “ಮಾವಾ, ಅಂತರ್ಜಾಲದ ಅಂಗಡಿಗೆ ಒಂದು ವರ್ಷದ ಸದಸ್ಯರಾಗೋಣವೆ? 1,499 ರೂಪಾಯಿ ಕೇಳುತ್ತಾರೆ. ಕೊಟ್ಟರೆ ನಮಗೆ ಲಾಭವೋ ನಷ್ಟವೋ ಲೆಕ್ಕ ಹಾಕಿ ಹೇಳಿ” ಎಂದಳು. “ಮೂರು ತಿಂಗಳು ಸಮಯ ಕೊಡು” ಎಂದೆ. ಸೊಸೆ ನಕ್ಕಳು. ಪರೀಕ್ಷೆಯಲ್ಲಿ ಇಷ್ಟು ಸಮಯವನ್ನು ನಾನು ಯಾವ ಹುಡುಗನಿಗೂ ಕೊಟ್ಟವನಲ್ಲ.

ಪ್ರಶ್ನೆ ಸಣ್ಣದೆಂದು ವಾಚಕರಿಗೆ ಅನ್ನಿಸಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ಸಾಮಾನು ಕೊಳ್ಳುವುದಕ್ಕೆ ಮುಂಚೆ, ಕೊಳ್ಳುವ ಅಧಿಕಾರಕ್ಕಾಗಿಯೇ ಹಣ ಕೊಡುವುದೆಂಬುದು ನಮ್ಮ ಕಡೆಯ ವ್ಯವಹಾರಕ್ಕೆ ಹೊಸ ಮಾತು. ಜಾತ್ರೆಯಲ್ಲಿ ಸರ್ಕಸ್ಸಿನ ಡೇರೆಯೊಳಗೆ ಹೋಗಲು ಟಿಕೇಟು ಕೊಳ್ಳುತ್ತಿದ್ದೆವು. ಪಕ್ಕದ ಬೆಂಡು-ಬತ್ತಾಸಿನ ಅಂಗಡಿಗೆ ಟಿಕೇಟು ಇರಲಿಲ್ಲ. ಅಂಗಡಿಗೇ ಟಿಕೇಟು ಇಟ್ಟಿದ್ದನ್ನು ನಾನು ಮೊದಲು ಕಂಡದ್ದು ಅಮೆರಿಕೆಯಲ್ಲಿ, ಕಿರಿಯ ಮಗನ ಮನೆಗೆ ಹೋಗಿದ್ದಾಗ.

ಕಾಸ್ಟ್‌ಕೋ ಎಂದು ಅದರ ಹೆಸರು. ಅಲ್ಲಿರುವ ಕನ್ನಡದ ಮನೆಗಳಲ್ಲಿ ಆ ಹೆಸರನ್ನು ಕೇಳದ ಶನಿವಾರವಿಲ್ಲವೆಂದು ತೋರುತ್ತದೆ. ಬಾಗಿಲಲ್ಲಿ ಸದಸ್ಯತ್ವದ ಚೀಟಿ ತೋರಿಸಿ ಒಳಗೆ ಹೋಗಬೇಕು. ಒಳಗೆ ಅಂಗಡಿಯ ಅಲಂಕಾರವೇನೂ ಇಲ್ಲ. ಅದೊಂದು ದೊಡ್ಡ ಉಗ್ರಾಣ. ನಮ್ಮ ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಚೀಲದ ಮೇಲೆ ಚೀಲ ಒಟ್ಟಿರುವಂತೆ ಅಲ್ಲಿಯೂ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಛಾವಣಿಯವರೆಗೆ ಒಟ್ಟಿರುತ್ತದೆ. ಸಾಮಾನುಗಳ ಬಗೆ ಸುಮಾರು 4,000 ಮಾತ್ರ. ಆ ದೇಶದ ಸಾಧಾರಣ ದೊಡ್ಡ ಅಂಗಡಿಗಳಲ್ಲಿ ಇದರ ಏಳೆಂಟು ಪಟ್ಟು ಬಗೆಗಳಿರುತ್ತವೆ. ಬಗೆ ಕಡಿಮೆ, ಪ್ರಮಾಣ ಹೆಚ್ಚು. ಆದಕಾರಣ ಬೆಲೆ ಅಗ್ಗ.

ಈ ಪದ್ಧತಿ ಬಹಳ ಹಳೆಯದೇನೂ ಅಲ್ಲ. ಸಾಲ್ ಪ್ರೈಸ್ ಎಂಬ ವರ್ತಕರು 1976ರಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ, ವಿಮಾನ ನಿಲ್ಲಿಸಲು ಕಟ್ಟಿದ್ದ ಒಂದು ಹಳೆಯ ಕೊಟ್ಟಿಗೆಯಲ್ಲಿ, ಪ್ರೈಸ್ ಕ್ಲಬ್ ಎಂಬ ಮಳಿಗೆಯನ್ನು ತೆರೆದರು. ಮೊದಲು ಅದು ಸಣ್ಣ ವ್ಯಾಪಾರಿಗಳಿಗೆ ಮಾತ್ರ ಇತ್ತು. ಕಾಸ್ಟ್‌ಕೋ 1983ರಲ್ಲಿ ಸಿಯಾಟಲಿನಲ್ಲಿ ಹುಟ್ಟಿತು. 1993ರಲ್ಲಿ ಎರಡೂ ಒಂದಾದವು. ಈಗ ಸಾಮಾನ್ಯ ಸದಸ್ಯತ್ವಕ್ಕೆ ವರ್ಷಕ್ಕೆ 65 ಡಾಲರು. 2024ರ ಸೆಪ್ಟೆಂಬರಿಗೆ ಮೊದಲು 60 ಇತ್ತು. ಕೊಂಡ ಬೆಲೆಯ ಮೇಲೆ ನೂರಕ್ಕೆ 14 ಅಥವಾ 15ಕ್ಕಿಂತ ಹೆಚ್ಚು ಇಡಬಾರದೆಂದು ಆ ಸಂಸ್ಥೆ ತನಗೆ ತಾನೇ ಕಟ್ಟು ಹಾಕಿಕೊಂಡಿದೆ. ಹಾಗಾದರೆ ಅದಕ್ಕೆ ಲಾಭವೆಲ್ಲಿಂದ? ಅದರ ನಿರ್ವಹಣಾ ಲಾಭದ ಅರ್ಧದಷ್ಟಕ್ಕೆ ಸಮನಾದ ಹಣ ಸದಸ್ಯತ್ವದ ಶುಲ್ಕದಿಂದಲೇ ಬರುತ್ತದೆ. ಉಳಿದ ವರ್ತಕರು ಸಾಮಾನನ್ನು ಮಾರಿ ಲಾಭ ಮಾಡುತ್ತಾರೆ. ಇಲ್ಲಿ ಮಾರಾಟವಾಗುವ ಮುಖ್ಯ ಸಾಮಾನು ಬಾಗಿಲು.

ನಮ್ಮ ನಾಡಿಗೂ ಇಂಥ ಉಗ್ರಾಣ ಬಂದಿತು. ಜರ್ಮನಿಯ ಮೆಟ್ರೋ ಸಂಸ್ಥೆ 2003ರಲ್ಲಿ ಬೆಂಗಳೂರಿನಲ್ಲಿ ಸಗಟು ಮಳಿಗೆಗಳನ್ನು ತೆರೆಯಿತು. ವ್ಯಾಪಾರದ ದಾಖಲೆಯಿದ್ದವರಿಗೆ ಮಾತ್ರ ಅಲ್ಲಿ ಪ್ರವೇಶವಿತ್ತು. 2023ರಲ್ಲಿ ಅದು ರಿಲಯನ್ಸಿನ ಕೈ ಸೇರಿತು. ಸಂಸಾರಸ್ಥರಿಗೆ ಹತ್ತಿರ ಬಂದದ್ದು ಅಂತರ್ಜಾಲದ ಸದಸ್ಯತ್ವ. ಅಮೆಜಾನಿನ ಪ್ರೈಮ್ 2016ರಲ್ಲಿ ಭಾರತಕ್ಕೆ ಬಂದಾಗ ವರ್ಷಕ್ಕೆ 499 ರೂಪಾಯಿ ಇತ್ತು. ಮರುವರ್ಷ 999 ಆಯಿತು. 2021ರ ಡಿಸೆಂಬರಿನಲ್ಲಿ 1,499 ಆಯಿತು. ಐದೂವರೆ ವರ್ಷದಲ್ಲಿ ಮೂರು ಪಟ್ಟು. ಬಾಗಿಲ ಬೆಲೆ ಏರುವ ವೇಗವನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಲೆಕ್ಕಕ್ಕೆ ಬರೋಣ. ಏಳನೆಯ ತರಗತಿಯ ಹುಡುಗನೂ ಮಾಡಬಹುದಾದ ಲೆಕ್ಕವಿದು. ಕೊಡುವ ಶುಲ್ಕವನ್ನು ಉಳಿತಾಯದ ಪ್ರಮಾಣದಿಂದ ಭಾಗಿಸಬೇಕು. ಶುಲ್ಕ 1,500 ರೂಪಾಯಿ, ಉಳಿತಾಯ ನೂರಕ್ಕೆ 5 ಎಂದಾದರೆ, ವರ್ಷಕ್ಕೆ 30,000 ರೂಪಾಯಿಯ ವ್ಯಾಪಾರ ಮಾಡಿದಾಗ ಕೊಟ್ಟ ಹಣ ಕೈಗೆ ತಿರುಗಿ ಬಂದಂತಾಯಿತು. ಅಂದರೆ ತಿಂಗಳಿಗೆ 2,500. ಅಲ್ಲಿಂದ ಮುಂದಿನದು ಲಾಭ. ಕಾಸ್ಟ್‌ಕೋದಲ್ಲಿ 130 ಡಾಲರಿನ ಮೇಲ್ದರ್ಜೆಯ ಸದಸ್ಯತ್ವವೊಂದುಂಟು. ಕೊಂಡ ಮೊತ್ತದಲ್ಲಿ ನೂರಕ್ಕೆ 2ನ್ನು ವರ್ಷಾಂತ್ಯಕ್ಕೆ ಹಿಂದಿರುಗಿಸುತ್ತಾರೆ. ಹೆಚ್ಚಿಗೆ ಕೊಟ್ಟ 65 ಡಾಲರು ಹಿಂದಕ್ಕೆ ಬರಬೇಕಾದರೆ 3,250 ಡಾಲರಿನ ಸಾಮಾನು ಕೊಳ್ಳಬೇಕು. ನನ್ನ ಮಗ ಇದನ್ನು ಕೇಳಿ, “ಅಷ್ಟು ಕೊಂಡೇ ಕೊಳ್ಳುತ್ತೇವೆ” ಎಂದು ಹೆಮ್ಮೆಯಿಂದ ಹೇಳಿದ. ಅವನ ಮನೆಯ ಕಾರು ನಿಲ್ಲಿಸುವ ಕೋಣೆಯಲ್ಲಿ ಕಾರಿಗೆ ಜಾಗವಿರಲಿಲ್ಲ.

ಲೆಕ್ಕದ ಪುಸ್ತಕದಲ್ಲಿ ಬಾರದ ಅಂಶಗಳು ಇಲ್ಲಿ ಮೊದಲಾಗುತ್ತವೆ. ಅಗ್ಗವೆಂದು ಕೊಂಡು ಬಳಸದೆ ಹೋದದ್ದು ಉಳಿತಾಯವಲ್ಲ, ಖರ್ಚು. ಶುಲ್ಕ ಕೊಟ್ಟವನಿಗೆ ಅದನ್ನು ವಸೂಲು ಮಾಡಿಕೊಳ್ಳಬೇಕೆಂಬ ಚಪಲ ಹುಟ್ಟುತ್ತದೆ. ಬೇಕಾದದ್ದನ್ನು ಅಲ್ಲಿ ಕೊಳ್ಳಲು ಹೋಗಿ, ಅಲ್ಲಿರುವುದನ್ನೆಲ್ಲ ಬೇಕು ಎನ್ನಲು ಕಲಿಯುತ್ತಾನೆ. ಎರಡನೆಯದು, ಇಡುವ ಸ್ಥಳ. ನಲವತ್ತು ಡಿಗ್ರಿ ದಾಟುವ ನಮ್ಮ ರಾಯಚೂರಿನ ಬೇಸಗೆಯಲ್ಲಿ ಆರು ತಿಂಗಳ ಎಣ್ಣೆ ಮತ್ತು ಹಿಟ್ಟನ್ನು ಕೊಂಡಿಟ್ಟರೆ ಎಣ್ಣೆ ಕಮಟುತ್ತದೆ, ಹಿಟ್ಟಿನಲ್ಲಿ ಹುಳು ಬೀಳುತ್ತದೆ. ಮೂರನೆಯದು, ಒಂದು ವರ್ಷದ ಹಣವನ್ನು ಒಮ್ಮೆಗೆ ಮುಂದಾಗಿ ಕೊಡುವ ಶಕ್ತಿ. ಈ ಮೂರನೆಯದರ ಬಗೆಗೆ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ.

ವರ್ಷಕ್ಕಾಗುವಷ್ಟನ್ನು ಒಮ್ಮೆಗೆ ಕೊಳ್ಳುವುದು ನಮಗೇನೂ ಹೊಸದಲ್ಲ. ದೇವದುರ್ಗದಲ್ಲಿ ನಮ್ಮ ಹಿರಿಯರ ಮನೆಯ ಅಂಗಳದಲ್ಲಿ ಹಗೇವು ಇತ್ತು. ನೆಲದಲ್ಲಿ ಆಳವಾಗಿ ತೋಡಿ, ಸುತ್ತ ಹುಲ್ಲು ಹೊದಿಸಿ, ಸುಗ್ಗಿಯ ಜೋಳವನ್ನು ಅದರಲ್ಲಿ ತುಂಬಿ ಬಾಯಿ ಮುಚ್ಚಿಬಿಡುತ್ತಿದ್ದರು. ಮಳೆಗಾಲದಲ್ಲಿ ತೆಗೆಯುವಾಗ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಹುಣಸೆಹಣ್ಣು, ಮೆಣಸಿನಕಾಯಿ, ತೊಗರಿ—ಎಲ್ಲವನ್ನೂ ಅದರದರ ಕಾಲದಲ್ಲಿ, ಬೆಲೆ ಇಳಿದಾಗ ತುಂಬಿಸಿಕೊಳ್ಳುತ್ತಿದ್ದರು. ಆ ಆಳಿನ ಮನೆಯಲ್ಲಿ ಹಗೇವು ಇರಲಿಲ್ಲ. ಸುಗ್ಗಿಯಲ್ಲಿ ಅಗ್ಗವಾದ ಜೋಳವನ್ನು ಕೊಳ್ಳಲು ಅವನ ಕೈಯಲ್ಲಿ ಹಣವಿರಲಿಲ್ಲ. ಶ್ರಾವಣದಲ್ಲಿ ಬೆಲೆ ಏರಿದಾಗ, ಸೇರು ಎರಡು ಸೇರಿನ ಲೆಕ್ಕದಲ್ಲಿ, ಅವನು ಅದೇ ಜೋಳವನ್ನು ಹೆಚ್ಚು ಬೆಲೆಗೆ ಕೊಳ್ಳುತ್ತಿದ್ದ. ಬಡವ ಕಡಿಮೆ ಕೊಳ್ಳುತ್ತಾನೆ, ಆದರೆ ಸೇರಿಗೆ ಹೆಚ್ಚು ಬೆಲೆ ಕೊಡುತ್ತಾನೆ. ಹುಡುಗನಾಗಿದ್ದಾಗ ನನಗೆ ಇದು ಕಾಣಲಿಲ್ಲ. ಗಣಿತದ ಮೇಷ್ಟರಾಗಿ ಬಹುಕಾಲವಾದ ಮೇಲೂ ಕಂಡಿರಲಿಲ್ಲ.

ಇಂದಿಗೂ ಅದು ಬದಲಾಗಿಲ್ಲ. ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಸಂಜೆ ಒಂದು ಗಂಟೆ ನಿಂತರೆ ಸಾಕು. ಹತ್ತು ರೂಪಾಯಿಯ ಎಣ್ಣೆ, ಐದು ರೂಪಾಯಿಯ ಚಹಾಪುಡಿ, ಒಂದು ಚೀಟಿ ಶ್ಯಾಂಪೂ ಕೊಳ್ಳುವ ಕೂಲಿಯ ಹೆಣ್ಣುಮಕ್ಕಳನ್ನು ನೋಡಬಹುದು. ಅವರಿಗೆ ಲೆಕ್ಕ ಬಾರದೆಂದು ತಿಳಿಯಬಾರದು. ಲೀಟರಿನ ಪೊಟ್ಟಣ ಅಗ್ಗವೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲರು. ದಿನದ ಕೂಲಿ ದಿನಕ್ಕೆ ಬರುವುದರಿಂದ ದಿನದ ಎಣ್ಣೆಯನ್ನು ದಿನಕ್ಕೆ ಕೊಳ್ಳುತ್ತಾರೆ. ವರ್ಷದ ಶುಲ್ಕವನ್ನು ಮುಂಗಡವಾಗಿ ಕೊಟ್ಟವನಿಗೆ ಮಾತ್ರ ಅಗ್ಗದ ಬಾಗಿಲು ತೆರೆಯುತ್ತದೆಂದರೆ, ಆ ಬಾಗಿಲು ಯಾರ ಮುಖದ ಮೇಲೆ ಮುಚ್ಚುತ್ತದೆಂಬುದನ್ನೂ ನೋಡಬೇಡವೆ?

ಕಿರಾಣಿ ಅಂಗಡಿಯವರನ್ನು ದೇವರ ಪಟದ ಪಕ್ಕದಲ್ಲಿ ಕೂರಿಸುವ ಇಚ್ಛೆ ನನಗಿಲ್ಲ. 1972ರ ಬರದಲ್ಲಿ ದೇವದುರ್ಗದ ಒಂದು ಅಂಗಡಿಯಿಂದ ನಮ್ಮ ಮನೆಗೆ ಎಂಟು ತಿಂಗಳು ಉದ್ರಿ ಜೋಳ ಬಂತು. ಆಗ ನನಗೆ ಹದಿನೇಳು ವರ್ಷ. ಸಾಲದ ಚೀಲ ಹೊತ್ತು ತಂದವನು ನಾನೇ. ನಮ್ಮ ತಂದೆ ಆ ಸಾಲವನ್ನು ತೀರಿಸಲು ಮೂರು ವರ್ಷ ಹಿಡಿಯಿತು. ಉದ್ರಿಯ ಬೆಲೆ ರೊಕ್ಕದ ಬೆಲೆಗಿಂತ ಎಷ್ಟು ಹೆಚ್ಚಾಗಿತ್ತೆಂಬುದು ಅಂಗಡಿಯವನ ಕೆಂಪು ಬಟ್ಟೆಯ ಪುಸ್ತಕಕ್ಕೆ ಮಾತ್ರ ಗೊತ್ತು. ಆದರೂ ಆ ಪುಸ್ತಕದಲ್ಲಿ ನಮ್ಮ ಹೆಸರಿದ್ದುದರಿಂದ ನಾವು ಉಂಡೆವು. 2020ರ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಓಣಿಯ ಅಂಗಡಿಯವನು ಹಿಂದಿನ ಬಾಗಿಲಿನಿಂದ ಕೂಲಿಯವರಿಗೆ ಅಕ್ಕಿ, ಬೇಳೆ ಬರೆದುಕೊಂಡು ಕೊಟ್ಟದ್ದನ್ನೂ ಕಂಡಿದ್ದೇನೆ. ಮುಖ ನೋಡಿ ಸಾಲ ಕೊಡುವುದು ಯಂತ್ರಕ್ಕೆ ಇನ್ನೂ ಬಂದಿಲ್ಲ. ಓಣಿಯ ಸಂಬಳದವರೆಲ್ಲ ರೊಕ್ಕದ ವ್ಯಾಪಾರವನ್ನು ಬೇರೆಡೆಗೆ ಒಯ್ದು ಉದ್ರಿಯವರನ್ನು ಮಾತ್ರ ಅವನಿಗೆ ಬಿಟ್ಟರೆ, ಆ ಅಂಗಡಿ ಎಷ್ಟು ದಿನ ನಿಂತೀತು?

ಅಗ್ಗವೂ ಬೇಕು, ಯಾರನ್ನೂ ಹೊರಗೆ ನಿಲ್ಲಿಸಲೂಬಾರದು ಎಂದರೆ ದಾರಿಯುಂಟೆ? ಹಿಂದಿನವರು ಒಂದು ದಾರಿ ಹುಡುಕಿದ್ದರು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ನೇಕಾರರ ಊರಿನಲ್ಲಿ 1844ರಲ್ಲಿ 28 ಜನ ತಲಾ ಒಂದು ಪೌಂಡು ಕೂಡಿಹಾಕಿ ತಮ್ಮದೇ ಅಂಗಡಿ ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಓಟಿನ ನುಚ್ಚು, ಮೇಣದ ಬತ್ತಿ—ಇಷ್ಟೇ ಸಾಮಾನು. ಲಾಭ ಬಂದರೆ, ಕೊಂಡವರಿಗೆ ಅವರು ಕೊಂಡಷ್ಟರ ಪ್ರಮಾಣದಲ್ಲಿ ಹಂಚುತ್ತಿದ್ದರು. ಪಾಲು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಉದ್ರಿ ಮಾತ್ರ ಇರಲಿಲ್ಲ. ಅಷ್ಟರಮಟ್ಟಿಗೆ ತೀರ ಬಡವನಿಗೆ ಅಲ್ಲಿಯೂ ಹೊಸ್ತಿಲು ಎತ್ತರವೇ. ನಮ್ಮ ನಾಡಿನಲ್ಲಿ, 1904ರ ಸಹಕಾರ ಕಾನೂನಿನ ಮರುವರ್ಷವೇ, ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಅದು ಹೆಸರಾಗಿದೆ. ಸಂಘಕ್ಕೆ ಕೊಟ್ಟ ಪಾಲಿನ ಹಣ ವರ್ಷಾಂತ್ಯಕ್ಕೆ ಕರಗಿಹೋಗುವ ಶುಲ್ಕವಲ್ಲ. ಅದು ಕೊಟ್ಟವನದಾಗಿಯೇ ಉಳಿಯುತ್ತದೆ. ಶುಲ್ಕ ಕೊಟ್ಟವನು ಗಿರಾಕಿ. ಪಾಲು ಕೊಟ್ಟವನು ಯಜಮಾನ.

ಇಷ್ಟು ಯೋಚನೆ ಮಾಡಿದ ಮೇಲೆ ಮೂರು ಮನೆಗಳಲ್ಲಿ ಮೂರು ತಿಂಗಳು ಹಿಸಾಬು ಬರೆಸಿದೆ. ಒಂದು ರಾಯಚೂರಿನ ನಮ್ಮ ಮನೆ. ಇನ್ನೊಂದು ದೇವದುರ್ಗದಲ್ಲಿರುವ ತಮ್ಮನದು. ಮತ್ತೊಂದು ಮಾನ್ವಿಯಲ್ಲಿರುವ ತಂಗಿಯದು.

ನಮ್ಮ ಮನೆಗೆ ಮೂರು ತಿಂಗಳಲ್ಲಿ ಅಂತರ್ಜಾಲದಿಂದ ಎಂಟು ಪೊಟ್ಟಣಗಳು ಬಂದವು. ತಲುಪಿಸುವ ಖರ್ಚು ತಲಾ ಸುಮಾರು 40 ರೂಪಾಯಿಯೆಂದರೆ 320, ವರ್ಷಕ್ಕೆ 1,280. ಶುಲ್ಕಕ್ಕಿಂತ 219 ರೂಪಾಯಿ ಕಡಿಮೆ. ಆ ಎಂಟರಲ್ಲಿ ಮೂರು, ತೀನ್ ಕಂದೀಲಿನವರೆಗೆ ನಡೆದುಹೋಗಿದ್ದರೆ ಸಿಗುವಂಥವೇ ಆಗಿದ್ದವು. ನಡೆದಿದ್ದರೆ ನನ್ನ ವೈದ್ಯರಿಗೂ ಸಂತೋಷವಾಗುತ್ತಿತ್ತು. ಶುಲ್ಕದಲ್ಲಿ ಚಲನಚಿತ್ರ ನೋಡುವ ಸೌಕರ್ಯವೂ ಸೇರಿದೆಯೆಂಬುದು ನಿಜ. ನಮ್ಮಲ್ಲಿ ಅದಕ್ಕೆ ಬಿಡುವಿರುವವನು ನಾನೊಬ್ಬ, ಅರ್ಧ ಚಿತ್ರಕ್ಕೆ ನಿದ್ದೆ ಹೋಗುತ್ತೇನೆ. ಆದ್ದರಿಂದ ನಮಗೆ ನಷ್ಟ.

ದೇವದುರ್ಗದ ಲೆಕ್ಕ ಬೇರೆ. ತಮ್ಮನ ಮಗಳು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾಳೆ. ಅವಳಿಗೆ ಬೇಕಾದ ಪುಸ್ತಕಗಳು ಅಲ್ಲಿ ದೊರೆಯುವುದಿಲ್ಲ. ತಮ್ಮನಿಗೆ ಸಕ್ಕರೆ ಕಾಯಿಲೆ. ಪರೀಕ್ಷೆಯ ಪಟ್ಟಿಗಳನ್ನು ತರಿಸಿಕೊಳ್ಳಬೇಕು. ಮೂರು ತಿಂಗಳಲ್ಲಿ 19 ಪೊಟ್ಟಣ. ವರ್ಷದ ಲೆಕ್ಕಕ್ಕೆ 3,040 ರೂಪಾಯಿ. ರಾಯಚೂರಿಗೆ ಬಂದು ಕೊಳ್ಳುವುದೆಂದರೆ ಹೋಗಿಬರಲು ನೂರು ಕಿಲೋಮೀಟರಿಗೂ ಮೇಲೆ, ಒಂದು ದಿನದ ಕೆಲಸ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿನ ಖರ್ಚಿಲ್ಲವೆಂಬುದು ಸರಿ; ಆದರೆ ಓದುವ ಹುಡುಗಿಯ ಒಂದು ದಿನಕ್ಕೆ ಟಿಕೇಟಿಗಿಂತ ಹೆಚ್ಚಿನ ಬೆಲೆಯಿದೆ. ಅವರಿಗೆ ಸದಸ್ಯತ್ವ ಲಾಭವೇ ಸರಿ. ಊರು ದೂರವಾದಷ್ಟೂ ಇಂಥ ಬಾಗಿಲಿಗೆ ಬೆಲೆ ಹೆಚ್ಚೆಂಬುದನ್ನು ಒಪ್ಪದಿದ್ದರೆ ನಾನು ಅನ್ಯಾಯ ಮಾಡಿದಂತೆ.

ಮಾನ್ವಿಯ ಪುಸ್ತಕ ತೆರೆದಾಗ ನಾನು ಕೇಳಿದ ಲೆಕ್ಕ ಅದರಲ್ಲಿರಲಿಲ್ಲ. ತಂಗಿ ಒಂದು ಸ್ತ್ರೀಶಕ್ತಿ ಗುಂಪಿನವಳು. ಸರ್ಕಾರ 2000ದಲ್ಲಿ ಆರಂಭಿಸಿದ ಯೋಜನೆಯಡಿ ಹುಟ್ಟಿದ ಇಂಥ ಗುಂಪುಗಳು ನಮ್ಮ ಊರೂರಿನಲ್ಲಿ ಇವೆ. ಅವಳ ಗುಂಪಿನ ಹದಿನಾಲ್ಕು ಜನ ವಾರಕ್ಕೆ ಐವತ್ತು ರೂಪಾಯಿಯಂತೆ ಬೇರೆಯಾಗಿ ಕೂಡಿಸಿ, ತಿಂಗಳಿಗೊಮ್ಮೆ ರಾಯಚೂರಿನ ಗಂಜಿನಿಂದ ತೊಗರಿಬೇಳೆಯ ಚೀಲ ಮತ್ತು ಎಣ್ಣೆಯ ಡಬ್ಬಿ ತರಿಸಿ, ತಂಗಿಯ ಪಡಸಾಲೆಯಲ್ಲಿ ತೂಗಿ ಹಂಚಿಕೊಳ್ಳುತ್ತಾರೆ. ಬಾಡಿಗೆ ಕಳೆದು ನೂರಕ್ಕೆ ಎಂಟರಷ್ಟು ಉಳಿದಿತ್ತು. ಹದಿನಾಲ್ಕರಲ್ಲಿ ಐವರು ದಿನಗೂಲಿಯವರು. ತಿಂಗಳ ಎಣ್ಣೆಯನ್ನು ಒಮ್ಮೆಗೆ ಕೊಳ್ಳಲಾರದ ಅವರು ವಾರದ ಐವತ್ತನ್ನು ಕೊಡಬಲ್ಲರು. ಒಂದು ವಾರ ಕೆಲಸ ಸಿಗದಿದ್ದರೆ ಉಳಿದವರು ತುಂಬಿ ಬರೆದಿಡುತ್ತಾರೆ. ಹಗೇವಿಲ್ಲದ ಮನೆಗೂ ಸುಗ್ಗಿಯ ಬೆಲೆ ಸಿಕ್ಕಂತಾಯಿತು. ಜಗಳಗಳಿಲ್ಲವೆಂದಲ್ಲ. ಒಮ್ಮೆ ಕಾಲು ಕಿಲೋ ಬೇಳೆ ಕಡಿಮೆ ಬಂದು, ಎರಡು ಗುರುವಾರ ಬರಿ ಅದೇ ಚರ್ಚೆಯಾಯಿತಂತೆ. ಕೊನೆಗೆ ತಕ್ಕಡಿಯನ್ನೇ ಬದಲಿಸಿದರಂತೆ.

ನಾನು ರಾಚ್‌ಡೇಲಿನ ಕಥೆಯನ್ನು ಉತ್ಸಾಹದಿಂದ ಹೇಳತೊಡಗಿದೆ. ತಂಗಿ ಕೇಳಿದಳು: “ಅಣ್ಣಾ, ನಿಮ್ಮ ಸಂಘದ ಸಭಾಕ್ಕ ನೀ ಎಷ್ಟು ಸಲ ಹೋಗಿದ್ದಿ?”

ನಾನು ಸುಮ್ಮನಾದೆ. ಹಲವು ವರ್ಷಗಳ ಹಿಂದೆ ನಾನೂ ಒಂದು ಬಳಕೆದಾರರ ಸಂಘದಲ್ಲಿ ನೂರು ರೂಪಾಯಿಯ ಪಾಲು ಕೊಂಡಿದ್ದೆ. ಅದರ ಹೆಸರು ಇಲ್ಲಿ ಬೇಡ. ಅಂಗಡಿ ಕೆಲವು ಕಾಲ ಚೆನ್ನಾಗಿ ನಡೆಯಿತು. ವರ್ಷದ ಸಾಮಾನ್ಯ ಸಭೆಗೆ ಕರೆ ಬಂದರೆ ನಾನು ಹೋಗುತ್ತಿದ್ದುದು ಅಪರೂಪ. ಹೋದಾಗಲೂ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಮಂಡಾಳ ತಿಂದು, ಚಹಾ ಕುಡಿದು ಎದ್ದು ಬರುತ್ತಿದ್ದೆ. ಜಮಾ-ಖರ್ಚಿನ ತಖ್ತೆಯನ್ನು ನನ್ನ ಕೈಗೆ ಕೊಟ್ಟಿದ್ದರು. ಗಣಿತದ ಮೇಷ್ಟ್ರು ಅದನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡ. ವಸೂಲಾಗದ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದುದು ಅದರಲ್ಲಿ ಅಂಕಿಗಳಲ್ಲೇ ಬರೆದಿತ್ತು. ಓದುವವರಿರಲಿಲ್ಲ. ಒಂದು ದಿನ ಅಂಗಡಿಗೆ ಬೀಗ ಬಿತ್ತು. ಆಗ ನಾವೆಲ್ಲ ಸೇರಿ ಕಾರ್ಯದರ್ಶಿಯನ್ನು ಬೈದೆವು. ಅಂದಿನಷ್ಟು ಜನ ಯಾವ ಸಭೆಗೂ ಬಂದಿರಲಿಲ್ಲ.

‘ಸದಸ್ಯ’ ಎಂಬ ಮಾತಿಗೆ ಮೂಲದಲ್ಲಿರುವ ಅರ್ಥ ‘ಸದಸ್ಸಿನಲ್ಲಿ ಇರುವವನು’ ಎಂದು. ಸದಸ್ಸೆಂದರೆ ಸಭೆ. ಯಜ್ಞದಲ್ಲಿ ಸದಸ್ಯನೆನಿಸಿಕೊಂಡವನ ಕೆಲಸ, ಕುಳಿತು ನೋಡುವುದು. ತಪ್ಪು ನಡೆಯದಂತೆ ಕಾಯುವುದು. ಕುಳಿತುಕೊಳ್ಳದೆ ಸದಸ್ಯನಾಗುವ ಉಪಾಯವನ್ನು ನಮ್ಮ ಕಾಲ ಕಂಡುಹಿಡಿದಿದೆ. ವರ್ಷಕ್ಕೊಮ್ಮೆ ಹಣ ಕಟ್ಟು. ನಿನ್ನ ಸಂಜೆಗಳನ್ನು ನಾವು ಕೇಳುವುದಿಲ್ಲ ಎನ್ನುತ್ತದೆ ಆ ಉಗ್ರಾಣ. ಅದು ಮೋಸವಲ್ಲ, ಕರಾರು ಸ್ಪಷ್ಟವಾಗಿಯೇ ಇದೆ. ಹಣ ಕೊಟ್ಟು ಹೊಣೆಯಿಂದ ತಪ್ಪಿಸಿಕೊಳ್ಳುವುದು ನಮಗೆ ಹಿತವಾಗಿರುವುದರಿಂದಲೇ ಅದು ಬೆಳೆಯುತ್ತದೆ. ನಾನು ಸಂಘಕ್ಕೆ ಕೊಟ್ಟದ್ದು ಪಾಲಿನ ಹಣವೆಂದುಕೊಂಡಿದ್ದೆ. ನಡೆದುಕೊಂಡ ರೀತಿಯಿಂದ ಅದನ್ನು ಶುಲ್ಕವನ್ನಾಗಿ ಮಾಡಿದವನು ನಾನೇ.

ಸೊಸೆಗೆ ಉತ್ತರ ಕೊಡುವ ದಿನ ಬಂತು. ನಮ್ಮ ಮನೆಗೆ ಬೇಡ, ದೇವದುರ್ಗಕ್ಕೆ ಬೇಕು ಎಂದು ಹೇಳಿ, ತಮ್ಮನ ಮಗಳ ಹೆಸರಿನಲ್ಲಿ 1,499 ಕಟ್ಟಿಸಿದೆ. ಸೊಸೆ ಪುಸ್ತಕವನ್ನು ತಿರುವಿಹಾಕಿ, “ಮಾನ್ವಿಯ ಲೆಕ್ಕದಲ್ಲಿ ಸಮಯದ ಬೆಲೆ ಹಿಡಿದಿಲ್ಲವಲ್ಲ, ವಾರಕ್ಕೆ ಒಂದು ಗಂಟೆಯೆಂದರೂ ವರ್ಷಕ್ಕೆ ಐವತ್ತೆರಡು ಗಂಟೆ” ಎಂದಳು. ಒಳ್ಳೆಯ ಪ್ರಶ್ನೆ. ಆ ಗಂಟೆಗಳನ್ನು ಜಮೆಯ ಕಡೆಗೆ ಬರೆಯಬೇಕೋ ಖರ್ಚಿನ ಕಡೆಗೆ ಬರೆಯಬೇಕೋ ಎಂಬುದೇ ಈ ಲೆಕ್ಕದ ಕೀಲು. ನನ್ನ ಅಭಿಪ್ರಾಯದಲ್ಲಿ ಜಮೆಗೆ. ಸೊಸೆ ಇನ್ನೂ ಒಪ್ಪಿಲ್ಲ. ನಮ್ಮ ಓಣಿಯಲ್ಲಿಯೂ ಅಂಥದೊಂದು ಚೀಲ ತರಿಸುವ ಮಾತು ನಡೆದಿದೆ. ಗಂಜು ನಮಗೆ ಹತ್ತಿರವೇ. ಮೊದಲ ಸಭೆ ಬರುವ ಗುರುವಾರ ಸಂಜೆ ಆರಕ್ಕೆ. ತಕ್ಕಡಿ ನೋಡಿಕೊಳ್ಳುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಈ ಸಲ ಚಹಾ ಮುಗಿದ ಮೇಲೂ ಕುಳಿತಿರಬೇಕೆಂದು ಮಾಡಿದ್ದೇನೆ.